ಯಾರ ಪರ್ಯಾಯದಲ್ಲಿ ಮಾರಾಯ್ರೆ?

ಉಡುಪಿಯ ಹಿರಿಯರ ಹತ್ತಿರ ಹಳೆಯ ಸಂಗತಿ ಏನಾದರೂ ಕೇಳಿ ನೋಡಿ. ಮಗಳ ಮದುವೆ ಆದದ್ದು ಯಾವಾಗ, ಬಾವಿಗೆ ಪಂಪು ಕೂರಿಸಿದ್ದು ಯಾವಾಗ, ಪಕ್ಕದ ಮನೆಯವರು ಹೋಟೆಲು ಮಾಡಲಿಕ್ಕೆಂದು ಮುಂಬಯಿಗೆ ಹೋದದ್ದು ಯಾವಾಗ? ಇಸವಿ ಬಾಯಿಗೆ ಬರುವುದು ಆಮೇಲೆ. ಮೊದಲು ಬರುವುದು ಮಠದ ಹೆಸರು. "ಅದು ಕೃಷ್ಣಾಪುರದವರ ಪರ್ಯಾಯ ಅಲ್ವಾ?" "ಅಲ್ಲ ಮಾರಾಯ್ರೆ, ಪುತ್ತಿಗೆಯವರದ್ದು. ಕೃಷ್ಣಾಪುರದವರದ್ದರಲ್ಲಿ ನಾವಿನ್ನೂ ಹಂಚಿನ ಮನೆಯಲ್ಲಿ ಇದ್ದದ್ದು." ಹೀಗೆ ಎರಡು ಮಾತು ಆಚೀಚೆ ಆಗುವಷ್ಟರಲ್ಲಿ ಲೆಕ್ಕ ಕೂಡಿ ಬರುತ್ತದೆ, ಮದುವೆಯ ವರ್ಷ ಸಿಗುತ್ತದೆ. ಮಠದೊಳಗೆ ವರ್ಷಕ್ಕೊಮ್ಮೆಯೂ ಕಾಲಿಡದ ಅಂಗಡಿಯವರು, ರಿಕ್ಷಾದವರು ಕೂಡ ಇದೇ ಲೆಕ್ಕ ಹಿಡಿಯುವುದನ್ನು ಕೇಳಿದ್ದೇನೆ.

ಲೆಕ್ಕ ಸರಳವಾದದ್ದೇ. ಮಧ್ವಾಚಾರ್ಯರು 13ನೇ ಶತಮಾನದಲ್ಲಿ ಇಲ್ಲಿ ಕೃಷ್ಣನನ್ನು ನಿಲ್ಲಿಸಿ, ಪೂಜೆಯನ್ನು ಎಂಟು ಶಿಷ್ಯರಿಗೆ ಹಂಚಿಕೊಟ್ಟರು. ಆಗ ಒಬ್ಬೊಬ್ಬರಿಗೆ ಎರಡೆರಡು ತಿಂಗಳ ಸರದಿ. ಸೋದೆ ಮಠದ ವಾದಿರಾಜರು 1522ರಲ್ಲಿ ಅದನ್ನು ಎರಡೆರಡು ವರ್ಷಕ್ಕೆ ಏರಿಸಿದರು. ಈ ಸರದಿಯೇ ಪರ್ಯಾಯ. ಎಂಟು ಮಠಗಳ ಕ್ರಮ ಹೀಗೆ: ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ಒಂದು ಸುತ್ತಿಗೆ 16 ವರ್ಷ. 2018ರಲ್ಲಿ ಪಲಿಮಾರಿನಿಂದ ಶುರುವಾದದ್ದು 32ನೇ ಸುತ್ತು. ನಡುವೆ ಎಷ್ಟು ಅರಸರು ಬಂದರು ಹೋದರು, ವಿಜಯನಗರ ಬಿತ್ತು, ಕೆಳದಿ ಬಂತು, ಹೈದರ್ ಬಂದ, ಕುಂಪಣಿ ಬಂತು. ಜನವರಿ ಹದಿನೆಂಟರ ಬೆಳಗಿನ ಸರದಿ ಮಾತ್ರ ಕೈಯಿಂದ ಕೈಗೆ ದಾಟುತ್ತಲೇ ಬಂದಿದೆ.

ನನಗೆ ಹೇಳಲಿಕ್ಕಿರುವುದು ಮಠದ ಇತಿಹಾಸ ಅಲ್ಲ. ಈ ಇಡೀ ಪಂಚಾಂಗ ನಡೆಯುವ ಜಾಗದ ಬಗ್ಗೆ, ಅಂದರೆ ರಥಬೀದಿಯ ಬಗ್ಗೆ. ಹೆಸರಿಗೆ ಬೀದಿ. ನಿಂತು ನೋಡಿದರೆ ಊರಿನ ಅಂಗಳ. ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ ಎಂಬ ಎರಡು ಹಳೆಯ ದೇವಸ್ಥಾನಗಳು, ಒಂದು ಬದಿಗೆ ಕೃಷ್ಣಮಠ, ಸುತ್ತ ಅಷ್ಟಮಠಗಳ ಮಾಡು ಇಳಿಬಿಟ್ಟ ಜಗಲಿಗಳು, ಅವುಗಳ ನಡುನಡುವೆ ತುಳಸಿಮಣಿ, ಶಂಖ, ಹಿತ್ತಾಳೆ ದೀಪ, ಪಂಚಾಂಗ, ಮಕ್ಕಳ ಆಟದ ಸಾಮಾನಿನ ಅಂಗಡಿಗಳು. ನಿಧಾನಕ್ಕೆ ನಡೆದರೂ ಒಂದು ಸುತ್ತಿಗೆ ಹತ್ತು ನಿಮಿಷ ಸಾಕು. ಇಷ್ಟು ಸಣ್ಣ ಜಾಗ ಒಂದು ಊರಿನ ಇಡೀ ವರ್ಷವನ್ನು ಹೇಗೆ ಹಿಡಿದುಕೊಂಡಿದೆ ಎಂಬುದು ನನಗೆ ಯಾವಾಗಲೂ ಸೋಜಿಗ. ದೊಡ್ಡ ದೊಡ್ಡ ನಗರಗಳು ಕೋಟಿಗಟ್ಟಲೆ ಸುರಿದು ಕಾರಂಜಿ, ಹುಲ್ಲುಹಾಸು, ಮೆಟ್ಟಿಲು ಎಲ್ಲ ಮಾಡಿ ಚೌಕ ಕಟ್ಟುತ್ತವೆ. ಉದ್ಘಾಟನೆಯ ಮರುವಾರ ಅಲ್ಲಿ ಕಾವಲುಗಾರನ ಹೊರತು ಯಾರೂ ಇರುವುದಿಲ್ಲ. ಚೌಕ ಆಗುವುದು ಕಲ್ಲು ಹಾಸಿದ್ದರಿಂದಲ್ಲ. ಮತ್ತೆ ಬರಲಿಕ್ಕೆ ಕಾರಣ ಇರಬೇಕು, ಬಂದವರಿಗೆ ಮಾಡಲಿಕ್ಕೆ ಒಂದು ಕೆಲಸ ಇರಬೇಕು. ರಥಬೀದಿಯಲ್ಲಿ ಇವೆರಡೂ ಉಂಟು.

ವರ್ಷವನ್ನು ಜನವರಿಯಿಂದ ಹೇಳುವುದು ಕ್ರಮ. ನಾನು ಮಳೆಯಿಂದ ಶುರುಮಾಡುತ್ತೇನೆ, ಕರಾವಳಿಯಲ್ಲಿ ಎಲ್ಲ ನಿಲ್ಲುವುದೂ ಶುರುವಾಗುವುದೂ ಮಳೆಯ ಮಾತು ಕೇಳಿಯೇ. ಮೇ ತಿಂಗಳ ಕೊನೆಗೆ ಪತ್ತನಾಜೆ ಬರುತ್ತದೆ. ತುಳುವರ ಬೇಶ ತಿಂಗಳ ಹತ್ತನೇ ದಿನ. ಅಲ್ಲಿಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳು ನಿಲ್ಲುತ್ತವೆ, ಮದುವೆ ಹಾಲ್‌ನವರು ಕುರ್ಚಿ ಒಳಗೆ ಇಡುತ್ತಾರೆ. ರಥಬೀದಿಯಲ್ಲೂ ತೇರು ಎಳೆಯುವ ಕಾಲ ಮುಗಿಯುತ್ತದೆ. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು. ಜೂನ್ ಜುಲೈಯಲ್ಲಿ ಆ ಬೀದಿಯಲ್ಲಿ ಕೊಡೆಗಳದ್ದೇ ಮೆರವಣಿಗೆ. ಜಗಲಿಯಲ್ಲಿ ನಿಂತು ಮಳೆ ಬಿಡಲಿ ಎಂದು ಕಾಯುವವರು, ಕಾಯುತ್ತಾ ಗುರುತಾಗುವವರು, "ನಿಮ್ಮದು ಎಲ್ಲಿ ಆಯ್ತು?" ಎಂದು ಕೇಳಿಕೊಳ್ಳುವವರು. ಈ ಊರಲ್ಲಿ ಎಷ್ಟು ಸಂಬಂಧ ಮಳೆಗೆ ನಿಂತಲ್ಲಿ ಕುದುರಿದೆಯೋ! ಮಠಗಳ ಹಳೆಯ ಜಗಲಿಗಳ ದೊಡ್ಡ ಉಪಕಾರ ಅದು: ಯಾರೂ ಯಾರನ್ನೂ ಏಳಿ ಎನ್ನುವುದಿಲ್ಲ.

ಮಳೆ ಸ್ವಲ್ಪ ಸಡಿಲ ಆಗುವ ಹೊತ್ತಿಗೆ ಅಷ್ಟಮಿ. ಹೊರಗಿನವರು ಇಲ್ಲೇ ತಪ್ಪುವುದು. ಉಡುಪಿಯ ಅಷ್ಟಮಿ ಸೌರಮಾನದ್ದು. ಸಿಂಹ ಮಾಸ, ಕೃಷ್ಣಪಕ್ಷದ ಅಷ್ಟಮಿ, ರೋಹಿಣಿ ನಕ್ಷತ್ರ ನೋಡಿ ನಿರ್ಣಯ ಮಾಡುವುದು. ಹಾಗಾಗಿ ಕೆಲವು ವರ್ಷ ದೇಶದ ಉಳಿದ ಕಡೆ ಅಷ್ಟಮಿಯ ಉಂಡೆ ತಿಂದು ಒಂದು ತಿಂಗಳಾದ ಮೇಲೆ ಇಲ್ಲಿ ಎಣ್ಣೆ ಬಾಣಲೆ ಇಡುತ್ತಾರೆ. 2025ರಲ್ಲಿ ಬೇರೆ ಕಡೆ ಆಗಸ್ಟ್ 16ಕ್ಕೆ ಮುಗಿದದ್ದು ಇಲ್ಲಿ ಸೆಪ್ಟೆಂಬರ್ 14ಕ್ಕೆ. ಬೆಂಗಳೂರಿನಿಂದ ಗೋಡೆಯ ಕ್ಯಾಲೆಂಡರ್ ನಂಬಿ ರೈಲು ಹತ್ತಿ ಬಂದವರು, ಖಾಲಿ ಬೀದಿ ಕಂಡು "ಎಲ್ಲಿ ಹುಲಿ?" ಎಂದು ಕೇಳುವುದನ್ನು ಅಂಗಡಿಯವರು ಬೇಸರ ಇಲ್ಲದೆ ನಿಭಾಯಿಸುತ್ತಾರೆ, "ಮುಂದಿನ ತಿಂಗಳು ಬನ್ನಿ, ಬನ್ಸ್ ತಿಂದು ಹೋಗಿ" ಎನ್ನುತ್ತಾರೆ.

ಅಷ್ಟಮಿಯ ದಿನ ಉಪವಾಸ, ನಡುರಾತ್ರಿ ಅರ್ಘ್ಯ. ಊರು ಹೊರಗೆ ಬೀಳುವುದು ಮರುದಿನ, ವಿಟ್ಲಪಿಂಡಿಗೆ. ಅದಕ್ಕೆ ಮೊದಲು ಬೀದಿಯ ಸುತ್ತ ಗುರ್ಜಿಗಳು ಎದ್ದು ನಿಲ್ಲುತ್ತವೆ. ಕಂಬ ನೆಟ್ಟು, ಮೇಲೆ ಅಡ್ಡ ಕಟ್ಟಿ, ಬಣ್ಣದ ಕಾಗದ ಮಾವಿನೆಲೆಯಿಂದ ಸಿಂಗರಿಸಿ, ನಡುವೆ ಮೊಸರು, ಬಣ್ಣದ ನೀರು ತುಂಬಿದ ಮಣ್ಣಿನ ಕುಡಿಕೆಗಳನ್ನು ನೇತು ಹಾಕುವುದು. ಮಧ್ಯಾಹ್ನ ದಾಟಿದ ಮೇಲೆ ಗೊಲ್ಲರ ವೇಷದವರು ಕೋಲು ಹಿಡಿದು ಬರುತ್ತಾರೆ. ಒಂದು ಗುರ್ಜಿಯಿಂದ ಇನ್ನೊಂದಕ್ಕೆ ಓಡುತ್ತಾ ಕುಡಿಕೆ ಒಡೆಯುತ್ತಾ ಹೋದ ಹಾಗೆ ಹಿಂದಿನಿಂದ ಚಿನ್ನದ ರಥದಲ್ಲಿ ಮಣ್ಣಿನ ಕೃಷ್ಣ ಬರುತ್ತಾನೆ. ಇದನ್ನು ಸ್ವಲ್ಪ ನಿಂತು ನೋಡಬೇಕು. ಒಳಗೆ ಪೂಜೆಗೊಳ್ಳುವ ಶಿಲೆಯ ಕೃಷ್ಣ ಒಳಗೇ ಇರುತ್ತಾನೆ. ಬೀದಿಗೆ ಬರುವವನು ಮಣ್ಣಿನವನು. ತೇರು ಒಂದು ಸುತ್ತು ಬಂದು ಮಧ್ವಸರೋವರದ ನೀರಿನಲ್ಲಿ ಅವನನ್ನು ಬಿಟ್ಟರೆ ಹಬ್ಬ ಮುಗಿಯಿತು. ಚಿನ್ನದ ರಥಕ್ಕೆ ಮಣ್ಣಿನ ದೇವರು! ಯಾರು ಮೊದಲು ಹೀಗೆ ಯೋಚನೆ ಮಾಡಿದರೋ, ಅವರಿಗೆ ಬೀದಿ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು ಎನ್ನಿಸುತ್ತದೆ.

ಅಷ್ಟಮಿಗೆ ಬೀದಿಗಿಳಿಯುವ ಹುಲಿವೇಷದ ಮಾತಿಗೆ ಬರುತ್ತೇನೆ. ಕುಣಿತವನ್ನು ಎಲ್ಲರೂ ನೋಡುತ್ತಾರೆ, ಈಗ ಸಿನಿಮಾದಲ್ಲೂ ನೋಡುತ್ತಾರೆ. 2014ರಲ್ಲಿ ಬಂದ ರಕ್ಷಿತ್ ಶೆಟ್ಟರ 'ಉಳಿದವರು ಕಂಡಂತೆ' ಆದ ಮೇಲೆ ಘಟ್ಟದ ಮೇಲಿನ ಹುಡುಗರಿಗೂ ತಾಸೆಯ ಪೆಟ್ಟು ಪರಿಚಯ. ನನಗೆ ಹೆಚ್ಚು ಇಷ್ಟ ಬಣ್ಣಕ್ಕೆ ಕೂರುವ ರಾತ್ರಿ. ಯಾವುದೋ ಶಾಲೆಯ ಕೋಣೆ, ಇಲ್ಲವೇ ಯಾರದೋ ಮನೆಯ ಹಿಂದಿನ ಶೆಡ್ಡು. ಮೈಯ ಕೂದಲು ತೆಗೆಸಿಕೊಂಡ ಹುಡುಗರು ಚಡ್ಡಿಯಲ್ಲಿ ನಿಂತಿರುತ್ತಾರೆ. ಮೊದಲು ತಳದ ಬಣ್ಣ, ಅದು ಒಣಗಬೇಕು. ಆಮೇಲೆ ಹಳದಿ, ಅದೂ ಒಣಗಬೇಕು. ಕೊನೆಗೆ ಕಪ್ಪು ಪಟ್ಟೆ. ಬಣ್ಣ ಒಣಗುವ ತನಕ ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ, ಕಂಕುಳು ಮುಚ್ಚುವ ಹಾಗಿಲ್ಲ. ಎರಡು ಕೈಯನ್ನೂ ಅಗಲಿಸಿ ಅಡ್ಡ ಗಳುವಿನ ಮೇಲೆ ಇಟ್ಟುಕೊಂಡು ಗಂಟೆಗಟ್ಟಲೆ ನಿಲ್ಲಬೇಕು. ಜೊತೆಗಾರ ಬಾಯಿಗೆ ಲೋಟ ಹಿಡಿದು ಚಹಾ ಕುಡಿಸುತ್ತಾನೆ. ಮೈ ಉರಿಯುತ್ತದೆ, ಬೆವರು ಹೊರಗೆ ಬರಲಿಕ್ಕೆ ದಾರಿ ಇರುವುದಿಲ್ಲ. ಬಣ್ಣ ಹಾಕುವ ಹಿರಿಯ ಕಲಾವಿದರು ಒಂದೇ ಕುಂಚದಲ್ಲಿ ಬೆನ್ನಿನ ಪಟ್ಟೆ ಎಳೆಯುವಾಗ ಕೋಣೆ ಗಪ್‌ಚಿಪ್. "ಉಸಿರು ಬಿಗಿ ಹಿಡಿ ಮಗಾ" ಎಂದು ಹೊಟ್ಟೆಯ ಮೇಲೆ ಹುಲಿಯ ಮುಖ ಬಿಡಿಸುತ್ತಾರೆ. ಮರುದಿನ ಇದೇ ಹುಡುಗ ಸುಮಾರು 40 ಕಿಲೋ ತೂಗುವ ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾನೆ. ಹಬ್ಬ ಕಳೆದ ಮೇಲೆ ತೆಂಗಿನೆಣ್ಣೆ ಹಚ್ಚಿ ಉಜ್ಜಿ ಉಜ್ಜಿ ಬಣ್ಣ ತೆಗೆಯುವುದು ಬೇರೆಯೇ ಪಾಡು.

ಇವರೆಲ್ಲ ಯಾರು? ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಮಲ್ಪೆಯಲ್ಲಿ ಬಲೆ ಎಳೆಯುವವರು, ಪೇಂಟಿಂಗ್ ಕೆಲಸದವರು, ಕಾಲೇಜು ಹುಡುಗರು. ಹರಕೆ ಹೊತ್ತು ಹುಲಿ ಕಟ್ಟುವವರು ಉಂಟು, ಹುಮ್ಮಸ್ಸಿಗೆ ಕಟ್ಟುವವರು ಉಂಟು. ಕೆಲವು ವರ್ಷಗಳಿಂದ ಇನ್ನೊಂದು ಪದ್ಧತಿಯೂ ಸೇರಿಕೊಂಡಿದೆ: ವೇಷ ಹಾಕಿ ಬಂದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುವುದು. ಕಟಪಾಡಿ ಕಡೆಯ ಕೂಲಿ ಕೆಲಸದ ಒಬ್ಬರು ಸಿನಿಮಾದ ರಾಕ್ಷಸರ ಹಾಗೆ ಭಾರೀ ವೇಷ ತೊಟ್ಟು ಬೀದಿಗಿಳಿದು, ಸೇರಿದ ದುಡ್ಡನ್ನು ಹಾಗೆಯೇ ಬಡ ಮಕ್ಕಳ ತಂದೆತಾಯಿಯರ ಕೈಗೆ ಇಟ್ಟರು. ದೇಶವೇ ಅವರ ಸುದ್ದಿ ಕೇಳಿತು. ಇವರನ್ನು ನೋಡಿ ವೇಷ ಹಾಕಿದ ತಂಡಗಳು ಎಷ್ಟೋ. ಮಠ ಹೇಳಿದ್ದಲ್ಲ, ಸರಕಾರ ಹೇಳಿದ್ದಲ್ಲ. ಜನ ಸೇರುವ ಒಂದು ದಿನ ಉಂಟು ಎಂದು ಗೊತ್ತಿದ್ದವರಿಗೆ ತಾವೇ ಹೊಳೆದದ್ದು.

ಆ ದಿನ ಇಲ್ಲದೆ ಹೋದರೆ ಹೇಗಿರುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 2020ರ ಸೆಪ್ಟೆಂಬರ್‌ನಲ್ಲಿ, ಕೊರೊನಾದ ವರ್ಷ, ಅದಮಾರು ಪರ್ಯಾಯ. ಮಠದವರಷ್ಟೇ ಸೇರಿ ವಿಟ್ಲಪಿಂಡಿ ಮಾಡಿದರು. ತೇರು ಸುತ್ತು ಬಂತು, ಎಳೆಯಲಿಕ್ಕೆ ಊರು ಇರಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 20ಕ್ಕೆ, ಇಂದ್ರಾಣಿ ಹೊಳೆ ಉಕ್ಕಿ ಕಲ್ಸಂಕದ ಆಚೀಚೆ ಎಲ್ಲ ನೀರು. ಮಠದ ವಾಹನ ನಿಲ್ಲಿಸುವ ಜಾಗವೂ ಮುಳುಗಿತು. ಆ ತಿಂಗಳು ಬೀದಿಯ ವ್ಯಾಪಾರಿಗಳು ಹೇಗೆ ದಾಟಿದರೋ ಅವರಿಗೇ ಗೊತ್ತು. ವರ್ಷದ ಸಂಪಾದನೆಯ ದೊಡ್ಡ ಪಾಲು ಅಷ್ಟಮಿ, ಲಕ್ಷದೀಪ, ಸಂಕ್ರಾಂತಿಯ ಮೂರು ತೇರು ಈ ನಾಲ್ಕಾರು ದಿನಗಳಲ್ಲಿ ಆಗುವವರು ಅವರು. ಹಬ್ಬ ನಿಂತರೆ ಭಕ್ತರಿಗೆ ಬೇಸರ. ಬಳೆ ಮಾರುವವಳಿಗೆ, ಕಡಲೆ ಹುರಿಯುವವನಿಗೆ ಮಗುವಿನ ಶಾಲೆಯ ಫೀಸು.

ನವರಾತ್ರಿಯಲ್ಲಿ ಮತ್ತೆ ಹುಲಿಗಳು ಬರುತ್ತವೆ, ಅದನ್ನು ಬಿಡುತ್ತೇನೆ. ಕಾರ್ತಿಕದ ಉತ್ಥಾನ ದ್ವಾದಶಿಗೆ ಲಕ್ಷದೀಪ. ವಿಟ್ಲಪಿಂಡಿಯೊಂದನ್ನು ಬಿಟ್ಟರೆ ಮಳೆಗಾಲವಿಡೀ ಸುಮ್ಮನಿದ್ದ ತೇರುಗಳು ಮತ್ತೆ ಬೀದಿಗೆ ಇಳಿಯುವುದು ಇಲ್ಲಿಂದಲೇ. ಸಾಯಂಕಾಲ ಬೀದಿಯ ಸುತ್ತ ಕಟ್ಟಿದ ಅಟ್ಟಳಿಗೆಯ ಉದ್ದಕ್ಕೂ ಮಣ್ಣಿನ ಹಣತೆ ಸಾಲು ಇಡಲಿಕ್ಕೆ ಜನ ತಾವಾಗಿ ಬರುತ್ತಾರೆ. ಹಣತೆ ಇಡುವವರು ಒಬ್ಬರು, ಬತ್ತಿ ಹಾಕುವವರು ಒಬ್ಬರು, ಎಣ್ಣೆ ಎರೆಯುವವರು ಇನ್ನೊಬ್ಬರು. ಗಾಳಿಗೆ ಆರಿದ್ದನ್ನು ಮತ್ತೆ ಹಚ್ಚುವ ಕೆಲಸ ಮಕ್ಕಳದ್ದು, ಅದಕ್ಕೆ ಅವರಲ್ಲಿ ಜಗಳವೇ ಆಗುತ್ತದೆ. ಸೇವೆ ಎಂದು ರಶೀದಿ ಮಾಡಿಸಿದವರೂ ಹಣತೆ ಹಚ್ಚುತ್ತಾರೆ, ಸುಮ್ಮನೆ ದಾರಿಯಲ್ಲಿ ಹೋಗುತ್ತಿದ್ದವರೂ ಹಚ್ಚುತ್ತಾರೆ. ಕೇಳುವವರಿಲ್ಲ.

ಮಲ್ಲಿಗೆಯ ಮಾತು ಇಲ್ಲಿ ಬರಲೇಬೇಕು. ಉಡುಪಿ ಮಲ್ಲಿಗೆ, ಶಂಕರಪುರ ಮಲ್ಲಿಗೆ ಎಂದು ಹೆಸರಾದದ್ದು. ಬಾಳೆನಾರಿನಲ್ಲಿ ಕಟ್ಟಿದ ಅದನ್ನು ಮೊಳದಲ್ಲಿ ಅಳೆಯುವುದಿಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ದರ ದಿನಾ ಏರುತ್ತದೆ, ಇಳಿಯುತ್ತದೆ. ಶುಕ್ರವಾರ ಒಂದು, ಮದುವೆಯ ಮುಹೂರ್ತ ಇದ್ದರೆ ಒಂದು, ಲಕ್ಷದೀಪದ ದಿನ ಕೇಳುವುದೇ ಬೇಡ. "ಅಕ್ಕ, ಅರ್ಧ ಚೆಂಡು ಕೊಡಿ" ಎಂದರೆ ಹೂವಿನವರು ಮುಖ ನೋಡಿ, "ಹಬ್ಬದ ದಿನ ಅರ್ಧ ಎಂಥದು, ಪೂರ್ತಿ ತಗೊಳ್ಳಿ, ಹತ್ತು ರೂಪಾಯಿ ಬಿಡ್ತೇನೆ" ಎನ್ನುತ್ತಾರೆ. ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಕ್ರೈಸ್ತರ ಮನೆಗಳು ಬಹಳ. ಬೆಳಗಿನ ಜಾವ ಎದ್ದು ಬಿರಿಯುವ ಮೊದಲೇ ಮೊಗ್ಗು ಕೊಯ್ದು, ಮನೆಮಂದಿಯೆಲ್ಲ ಕೂತು ಕಟ್ಟಿ ಕಳಿಸುತ್ತಾರೆ. ಆ ಹೂವು ಸಂಜೆಗೆ ತೇರಿನಲ್ಲಿರುತ್ತದೆ, ಹೆಂಗಸರ ಜಡೆಯಲ್ಲಿರುತ್ತದೆ. ಇದನ್ನು ಯಾರೂ ಭಾಷಣ ಮಾಡಿ ಹೇಳುವುದಿಲ್ಲ. ಹೂವು ಬಂತೋ, ಬಾಡಿಲ್ಲ ತಾನೇ, ದರ ಎಷ್ಟು ಎಂಬುದಷ್ಟೇ ಮಾತು.

ಜನವರಿಯಲ್ಲಿ ಮಧ್ವರು ಕೃಷ್ಣನನ್ನು ನಿಲ್ಲಿಸಿದ ನೆನಪಿಗೆ ಏಳು ದಿನದ ಸಪ್ತೋತ್ಸವ. ಮಕರ ಸಂಕ್ರಾಂತಿಯ ರಾತ್ರಿ ಮೂರು ತೇರು ಒಟ್ಟಿಗೆ: ಬ್ರಹ್ಮರಥ, ಗರುಡರಥ, ಮಹಾಪೂಜೆಯ ರಥ. ಮರುದಿನ ಹಗಲು ತೇರು, ಚೂರ್ಣೋತ್ಸವ. ನನ್ನನ್ನು ಕೇಳಿದರೆ ಹಗಲು ತೇರೇ ಚೆಂದ. ರಾತ್ರಿಯ ಬೆಳಕು, ಸಿಡಿಮದ್ದು ಇಲ್ಲ. ಹಗ್ಗ ಹಿಡಿದವರ ಮುಖ ಕಾಣುತ್ತದೆ. ಹಗ್ಗ ತೊಡೆಯಷ್ಟು ದಪ್ಪ, ಹಿಡಿದ ಕೂಡಲೆ ಅಂಗೈ ಉರಿಯುತ್ತದೆ. ಬ್ರಹ್ಮರಥದ ಗಾಲಿ ಒಮ್ಮೆ ಅಲುಗಲಿಕ್ಕೆ ಎಲ್ಲರೂ ಒಂದೇ ಉಸಿರಿಗೆ ಎಳೆಯಬೇಕು. ಹತ್ತು ಜನ ಮೊದಲು, ಹತ್ತು ಜನ ಆಮೇಲೆ ಎಂದರೆ ಅದು ಕದಲುವುದಿಲ್ಲ. ಆದರೆ ಹೊರಟ ಮೇಲೆ ನಿಲ್ಲಿಸುವುದೇ ಕಷ್ಟ. ಗಾಲಿಗೆ ಮರದ ಅಡ್ಡ ಕೊಡುವವರು ತೇರಿನ ಪಕ್ಕದಲ್ಲೇ ಬಗ್ಗಿ ನಡೆಯುತ್ತಾರೆ. ಮೂಲೆಯಲ್ಲಿ ತೇರು ತಿರುಗಬೇಕಾದರೆ ಎಲ್ಲವೂ ಅವರ ಕೈಯಲ್ಲಿ: ಯಾವ ಗಾಲಿಗೆ, ಯಾವ ಕ್ಷಣಕ್ಕೆ, ಎಷ್ಟು ಅಡ್ಡ. ಮೇಲೆ ಪೂಜೆ ಮಾಡುವವರ ಕಡೆ ಸಾವಿರ ಕಣ್ಣು ಇರುತ್ತದೆ. ಗಾಲಿಯ ಹತ್ತಿರ ಬಗ್ಗಿದವರನ್ನು ನೋಡುವವರು ಕಮ್ಮಿ. ಒಂದು ವರ್ಷವಾದರೂ ಅವರನ್ನೇ ನೋಡಿ ಎಂದು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ.

ಸಮ ಸಂಖ್ಯೆಯ ಇಸವಿ ಆದರೆ ಇದರ ಬೆನ್ನಿಗೇ ಪರ್ಯಾಯ. ಹದಿನೇಳರ ರಾತ್ರಿ ಉಡುಪಿ ಮಲಗುವುದಿಲ್ಲ. ಪೀಠ ಏರಲಿರುವ ಸ್ವಾಮಿಗಳು ಕಾಪುವಿನ ಹತ್ತಿರದ ದಂಡತೀರ್ಥದಲ್ಲಿ ಮಿಂದು ಜೋಡುಕಟ್ಟೆಗೆ ಬರುತ್ತಾರೆ. ಅಲ್ಲಿಂದ ಟ್ಯಾಬ್ಲೋ, ಚೆಂಡೆ, ಭಜನೆ, ಕೀಲುಕುದುರೆಗಳ ಜೊತೆ ಮೆರವಣಿಗೆ ಬೆಳಗಿನ ಜಾವಕ್ಕೆ ರಥಬೀದಿ ಮುಟ್ಟುತ್ತದೆ. ಕನಕನ ಕಿಂಡಿಯಲ್ಲಿ ಮೊದಲ ದರ್ಶನ, ಅನಂತೇಶ್ವರ ಚಂದ್ರಮೌಳೀಶ್ವರರಿಗೆ ವಂದನೆ. ಒಳಗೆ ಹೋದ ಮೇಲೆ ಹಿಂದಿನವರು ಮುಂದಿನವರಿಗೆ ಅಧಿಕಾರ ಕೊಡುತ್ತಾರಲ್ಲ, ಆಗ ಕೈಗೆ ಕೊಡುವುದು ಏನು ಗೊತ್ತಲ್ಲ? ಅಕ್ಷಯಪಾತ್ರೆ, ಸಟ್ಟುಗ. ಅನ್ನದ ಪಾತ್ರೆ ಮತ್ತು ಬಡಿಸುವ ಸೌಟು. ಎರಡು ವರ್ಷ ಬಂದವರಿಗೆಲ್ಲ ಉಣಿಸುವ ಜವಾಬ್ದಾರಿ ನಿಮ್ಮದು ಎಂದು ಅರ್ಥ.

ಆ ಜವಾಬ್ದಾರಿಯ ತಯಾರಿ ಒಂದು ವರ್ಷಕ್ಕೂ ಮೊದಲೇ ಶುರು. ಮೊದಲು ಬಾಳೆ ಮುಹೂರ್ತ, ಎಲೆಗಾಗಿ ಬಾಳೆ ನೆಡುವುದು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಎಷ್ಟು ಸರಿಯಾದ ಕ್ರಮ ನೋಡಿ! ಎಲೆ ಬೆಳೆಯಲಿಕ್ಕೆ ಹೊತ್ತು ಬೇಕು, ಸೌದೆ ಒಣಗಲಿಕ್ಕೆ ಹೊತ್ತು ಬೇಕು. ಕಟ್ಟಿಗೆಯನ್ನು ಮಧ್ವಸರೋವರದ ಬಳಿ ಸುಮ್ಮನೆ ರಾಶಿ ಹಾಕುವುದಿಲ್ಲ, ತೇರಿನ ಆಕಾರಕ್ಕೆ ಒಟ್ಟುತ್ತಾರೆ. ಉರುಟಾಗಿ ಸುತ್ತು ಸುತ್ತು ಮೇಲೆದ್ದು, ತುದಿಗೆ ಶಿಖರ. ಒಲೆಗೆ ಹೋಗುವ ಸೌದೆಗೂ ತೇರಿನ ಮರ್ಯಾದೆ. ಪರ್ಯಾಯ ಹತ್ತಿರ ಬಂದ ಹಾಗೆ ಹೊರೆಕಾಣಿಕೆಯ ಲಾರಿಗಳು. ಒಂದೊಂದು ದಿನ ಒಂದೊಂದು ಊರಿನದ್ದು, ಒಂದೊಂದು ಸಮಾಜದ್ದು: ಅಕ್ಕಿ, ತೆಂಗಿನಕಾಯಿ, ಬೆಲ್ಲ, ಸೌತೆ, ಚೀನಿಕಾಯಿ. ಮುಸಲ್ಮಾನರ, ಕ್ರೈಸ್ತರ ಹೊರೆಕಾಣಿಕೆಯೂ ಬಂದದ್ದುಂಟು. ಕಟಪಾಡಿ ಪಕ್ಕದ ಮಟ್ಟುವಿನಿಂದ ಗುಳ್ಳ ಬರುತ್ತದೆ. ತಿಳಿ ಹಸಿರು ಮೈಯ, ಉರುಟಾದ ಬದನೆ. ಬೀಜ ವಾದಿರಾಜರು ಕೊಟ್ಟದ್ದು ಎಂದು ಊರವರ ನಂಬಿಕೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಟ್ಟುಗುಳ್ಳದ ಬೋಳುಹುಳಿ ಉಣ್ಣದವರಿಗೆ ಅದರ ರುಚಿ ಬರೆದು ತಿಳಿಸಲಿಕ್ಕೆ ಆಗುವುದಿಲ್ಲ, ನಾನು ಆ ಸಾಹಸ ಮಾಡುವುದಿಲ್ಲ. ಸಿಪ್ಪೆ ತೆಳು, ಬೇಗ ಬೇಯುತ್ತದೆ, ಕಹಿ ಇಲ್ಲ. ಇಷ್ಟು ಸಾಕು.

ಊಟದ ಮಾತು ಬಂದಾಗ ಪಂಕ್ತಿಯ ಮಾತನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಒಂದೇ ಮಠದ ಊಟಕ್ಕೆ ಜಾತಿ ನೋಡಿ ಬೇರೆ ಬೇರೆ ಸಾಲು ಎಂಬುದು ಬಹಳ ಕಾಲದಿಂದ ಎಷ್ಟೋ ಜನರಿಗೆ ನೋವು ಕೊಟ್ಟ ಸಂಗತಿ. ಅದರ ವಿರುದ್ಧ ಪ್ರತಿಭಟನೆಗಳಾಗಿವೆ, ಚರ್ಚೆ ಮುಗಿದಿಲ್ಲ. ನನ್ನ ಅಭಿಪ್ರಾಯದಲ್ಲಿ ಸಟ್ಟುಗಕ್ಕೆ ಸಾಲು ಗೊತ್ತಿರಬಾರದು. ಹೊರಗೆ ತೇರಿನ ಹಗ್ಗ ಹಿಡಿಯುವಾಗ ನಿಮ್ಮ ಮುಂದೆ ಯಾರು, ಹಿಂದೆ ಯಾರು ಎಂದು ಯಾರೂ ಕೇಳುವುದಿಲ್ಲ. ಬೀದಿ ಇಷ್ಟು ಮಟ್ಟಿಗೆ ಒಳಗಿನದ್ದಕ್ಕಿಂತ ಮುಂದೆ ಇದೆ. 2017ರ ಜೂನ್‌ನಲ್ಲಿ, ತಮ್ಮ ಐದನೇ ಪರ್ಯಾಯ ನಡೆಸುತ್ತಿದ್ದ ಪೇಜಾವರದ ವಿಶ್ವೇಶತೀರ್ಥರು ಮಠದ ಆವರಣದಲ್ಲಿ ಮುಸಲ್ಮಾನರಿಗೆ ಇಫ್ತಾರ್ ಕೂಟ ಏರ್ಪಡಿಸಿದರು. ವಿರೋಧ ಬಂತು, ಟೀಕೆ ಬಂತು. ಅವರ ಎಲ್ಲ ನಿಲುವುಗಳನ್ನು ಒಪ್ಪದವರೂ ಆ ಸಂಜೆಯನ್ನು ನೆನೆಯುತ್ತಾರೆ. ಇದಾಗಿ ಐದು ವರ್ಷ ತುಂಬುವ ಮೊದಲೇ, 2022ರ ಮಾರ್ಚಿನಲ್ಲಿ, ಕಾಪುವಿನ ಸುಗ್ಗಿ ಮಾರಿಪೂಜೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗ ಇಲ್ಲವೆಂದಾಯಿತು. ತಲೆಮಾರುಗಳಿಂದ ಜಾತ್ರೆಯಿಂದ ಜಾತ್ರೆಗೆ ಹೋಗಿ ಬಳೆ, ಆಟಿಕೆ ಮಾರುತ್ತಿದ್ದ ಮನೆಗಳವರು. ಜಾತ್ರೆ ಎಂದರೆ ಮಾರುವವರು ಮತ್ತು ಕೊಳ್ಳುವವರು ಸೇರಿ ಆಗುವುದು. ಒಬ್ಬನ ಬುಟ್ಟಿಯನ್ನು ಹೊರಗೆ ನಿಲ್ಲಿಸಿದ ಜಾತ್ರೆಗೆ ಹೋಗಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಚಿಂತೆಯೂ ಉಂಟು, ಇದು ಇತ್ತೀಚಿನದ್ದು. ದೊಡ್ಡ ಉತ್ಸವಗಳಲ್ಲಿ ಬೀದಿಯ ಮೇಲೆ ತಡೆಬೇಲಿ ಹೆಚ್ಚಾಗುತ್ತಿದೆ. ಜನ ಜಾಸ್ತಿ ಆದರೆ ಕಟ್ಟುಪಾಡು ಬೇಕು, ಒಪ್ಪುತ್ತೇನೆ. ನೂಕುನುಗ್ಗಲಿನಲ್ಲಿ ಮಗು ಕೈತಪ್ಪಿದರೆ ಆಗುವ ಗಾಬರಿ ನಾನೂ ಕಂಡದ್ದೇ. ಆದರೆ ಪಾಸು ಇದ್ದವರಿಗೆ ಮುಂದೆ ಸೋಫಾ, ಉಳಿದವರಿಗೆ ಹಿಂದೆ ಪರದೆಯಲ್ಲಿ ದರ್ಶನ ಎಂದಾದರೆ ಹುಲಿ ಕಟ್ಟುವ ಹುಡುಗನ ಅಮ್ಮ ಎಲ್ಲಿ ನಿಲ್ಲಬೇಕು? ಹೂವಿನ ಅಕ್ಕ ಬುಟ್ಟಿ ಎಲ್ಲಿ ಇಡಬೇಕು? ಹಿಂದೆ ಗಾಡಿಗಳಿಗೂ ಜನರಿಗೂ ದಾರಿ ಬಿಡಿಸುತ್ತಿದ್ದವರು ಊರಿನ ಸ್ವಯಂಸೇವಕರೇ. "ಅಜ್ಜೀ, ಈಚೆ ಬನ್ನಿ, ತೇರು ತಿರುಗ್ತದೆ" ಎಂದು ಕೈ ಹಿಡಿದು ಜಗಲಿಗೆ ಹತ್ತಿಸುತ್ತಿದ್ದರು. ಆ ಕೈಯ ಕೆಲಸವನ್ನು ಕಬ್ಬಿಣದ ಬೇಲಿ ಮಾಡುವುದಿಲ್ಲ. ಬೇಲಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ತೆಗೆದು ಹೆಂಗಸರಿಗೆ ಸಾಕಷ್ಟು ಶೌಚಾಲಯ, ಕುಡಿಯುವ ನೀರಿನ ನಲ್ಲಿ, ಮುದುಕರಿಗೆ ಕೂರಲಿಕ್ಕೆ ಕಲ್ಲುಬೆಂಚು ಮಾಡಿದರೆ ಅದು ಎಲ್ಲ ಪರ್ಯಾಯಕ್ಕೂ ಉಳಿಯುತ್ತದೆ. ಮತ್ತೆ, ವಿಟ್ಲಪಿಂಡಿಯ ಮರುದಿನ ಬೆಳಕು ಹರಿಯುವ ಮೊದಲು ಒಡೆದ ಕುಡಿಕೆಯ ಚೂರು, ಪ್ಲಾಸ್ಟಿಕ್ ಬಾಟಲಿ, ಬಣ್ಣದ ಕಾಗದ ಗುಡಿಸಿ ಒಟ್ಟು ಮಾಡುವ ಪೌರಕಾರ್ಮಿಕರಿಗೆ ಕೈಗವಸು, ಬಿಸಿ ತಿಂಡಿ, ದುಪ್ಪಟ್ಟು ಕೂಲಿ ಸಿಗಬೇಕು. ಸನ್ಮಾನದ ಶಾಲು ಆಮೇಲೆ ಆದೀತು.

ಹಬ್ಬ ಇಲ್ಲದ ದಿನಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಬೀದಿಗೆ ಅನ್ಯಾಯ. ಮಠದ ರಾಜಾಂಗಣದಲ್ಲಿ ಸಂಜೆ ಏನಾದರೂ ಇದ್ದೇ ಇರುತ್ತದೆ: ಒಂದು ದಿನ ತಾಳಮದ್ದಳೆ, ಒಂದು ದಿನ ಭರತನಾಟ್ಯ, ಒಂದು ದಿನ ಯಾವುದೋ ಭಜನಾ ಮಂಡಳಿ. ಟಿಕೆಟ್ ಇಲ್ಲ. ಕಾಲೇಜು ಬಿಟ್ಟು ಬರುವವರು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಅರ್ಧ ಗಂಟೆ ನಿಂತು ಕೇಳಿ ಹೋಗುತ್ತಾರೆ. ಅರ್ಥಧಾರಿಗಳಿಬ್ಬರ ವಾದ ಬಿಸಿಯೇರಿದರೆ ಆ ಅರ್ಧ ಗಂಟೆ ಎರಡು ಗಂಟೆಯಾಗುತ್ತದೆ, ಕೊನೆಯ ಬಸ್ಸು ತಪ್ಪುತ್ತದೆ. ಸಾಹಿತ್ಯ, ನಾಟಕದ ಕೆಲಸ ಮಾಡುವ ಒಂದು ಬಳಗ ತನ್ನ ಹೆಸರನ್ನೇ 'ರಥಬೀದಿ ಗೆಳೆಯರು' ಎಂದು ಇಟ್ಟುಕೊಂಡಿದೆ. ಬೀದಿಗೆ ಗೆಳೆಯರು ಇರುವ ಊರು ಎಷ್ಟು ಇದ್ದೀತು? ಪಕ್ಕದ ಮಿತ್ರಸಮಾಜದಲ್ಲಿ ಗೋಳಿಬಜೆ ಬಿಸಿ ಇರುವ ಹೊತ್ತಿಗೆ ಸುತ್ತು ಬರುವವರ ಕಾಲು ತನ್ನಿಂದ ತಾನೇ ಅತ್ತ ತಿರುಗುತ್ತದೆ. ನಿವೃತ್ತ ಮೇಷ್ಟ್ರುಗಳ ಒಂದು ಗುಂಪು ದಿನಾ ಸಂಜೆ ಅದೇ ಜಗಲಿಯ ಅದೇ ಕಂಬದ ಹತ್ತಿರ ಕೂರುತ್ತದೆ. ರಾಜಕೀಯ, ರಕ್ತದೊತ್ತಡ, ಮೊಮ್ಮಕ್ಕಳ ಅಮೆರಿಕ, ಅಡಿಕೆಯ ದರ. ಒಬ್ಬರು ಬಾರದಿದ್ದರೆ ಉಳಿದವರು ಆ ರಾತ್ರಿಯೇ ಫೋನು ಮಾಡಿ ವಿಚಾರಿಸುತ್ತಾರೆ. ಒಂದು ಊರಿಗೆ ಇದಕ್ಕಿಂತ ದೊಡ್ಡ ಆಸ್ಪತ್ರೆ ಬೇಕೆಂದು ನನಗೆ ತೋರುವುದಿಲ್ಲ.

ಹೊರಗಿನ ಸ್ನೇಹಿತರು ಕೇಳುತ್ತಾರೆ, ಯಾವಾಗ ಬರಬೇಕು ಎಂದು. 2026ರ ಜನವರಿಯಿಂದ ಶೀರೂರಿನವರ ಸರದಿ, 2028ಕ್ಕೆ ಸೋದೆಯವರದ್ದು. ಪರ್ಯಾಯ ನೋಡಬೇಕೆಂದರೆ ಆ ರಾತ್ರಿಗೆ ಬೆಚ್ಚಗಿನ ಅಂಗಿ ಹಾಕಿ, ಗಟ್ಟಿ ಚಪ್ಪಲಿ ತೊಟ್ಟು ಬನ್ನಿ, ಕೋಣೆ ತಿಂಗಳುಗಟ್ಟಲೆ ಮೊದಲೇ ಕಾದಿರಿಸಿ. ಬೀದಿಯನ್ನು ನೋಡಬೇಕೆಂದರೆ ಡಿಸೆಂಬರ್‌ನ ಯಾವುದಾದರೂ ಸಾದಾ ಮಂಗಳವಾರ ಸಾಕು. ವಿಟ್ಲಪಿಂಡಿಯೇ ಬೇಕು ಎನ್ನುವವರು ಮೊದಲು ಉಡುಪಿಯ ಪಂಚಾಂಗ ನೋಡಿ ದಿನ ಗಟ್ಟಿ ಮಾಡಿಕೊಳ್ಳಿ. ಮಧ್ಯಾಹ್ನವೇ ಬಂದು ಎರಡು ಗುರ್ಜಿಗಳ ನಡುವೆ ಜಾಗ ಹಿಡಿಯಿರಿ, ಬಿಳಿ ಬಟ್ಟೆ ಬೇಡ. ಮಳೆ ಬರಲಿ ಬಿಡಲಿ ಕೊಡೆ ಮಾತ್ರ ಮರೆಯಬೇಡಿ. ಸ್ವಾಮಿಗಳು ಚಕ್ಕುಲಿ, ಉಂಡೆ ಎಸೆಯಲು ಶುರುಮಾಡಿದ ಕೂಡಲೆ ಕೊಡೆಯನ್ನು ಬಿಡಿಸಿ ಮೇಲೆ ಕೆಳಗೆ ಮಾಡಿ ಹಿಡಿಯಿರಿ. ಬಿದ್ದದ್ದರಲ್ಲಿ ಪಕ್ಕದವರ ಮಗುವಿಗೆ ಒಂದು ಕೊಡಿ.